ಅಟ್ಟದ ಮೇಲಿನ ಕುರ್ಚಿ

ಇಳಿಸಬೇಕೋ ಬೇಡವೋ? ಏಣಿಯ ಮೇಲೆ ನಿಂತ ಮಗಳು ಗೋಣಿಚೀಲ ಸುತ್ತಿದ ಕುರ್ಚಿಯ ಮೇಲೆ ಕೈಯಿಟ್ಟು ಯೋಚಿಸಿದಳು. ಎಂದೋ ಸರ್ಕಾರಿ ಹರಾಜಿನಲ್ಲಿ ಕೊಂಡುತಂದಿದ್ದ ಇದನ್ನು ಮುಟ್ಟಿದರೆ ಅಪ್ಪ ಸಿಡಿಮಿಡಿಗೊಳ್ಳುತ್ತಿದ್ದ. ಈಗ ನಡುಮನೆಯಲ್ಲಿ ಬಿಳಿ ಹೊದಿಕೆಯಡಿ ಮಲಗಿದವನು ಏನು ತಾನೇ ಅಂದಾನು? ಊರಿಗೆಲ್ಲ ಕುರ್ಚಿ ಮಾಡಿಕೊಟ್ಟ ಬಡಗಿಯ ಮನೆಯಲ್ಲಿ, ಸಾವಿಗೆ ಬಂದವರು ಕೂರಲು ಕುರ್ಚಿ ಸಾಲದು. ಪಾಲಿಶಣ್ಣ ಬೆಳಗಿನಿಂದ ಬಾಗಿಲ ಬಳಿ ನಿಂತೇ ಇದ್ದ.

ನಿಲ್ಲುವುದು ಅವನಿಗೆ ಹೊಸದಲ್ಲ. ಕೊಲೆ ಆರೋಪದಲ್ಲಿ ಜೈಲಿಗೆ ಹೋಗಿಬಂದವನನ್ನು ಯಾರೂ ಹತ್ತಿರ ಸೇರಿಸದಿದ್ದಾಗ ಅಪ್ಪನೇ ಕರೆದು ಪಾಲಿಶ್ ಕೆಲಸ ಕೊಟ್ಟಿದ್ದ. ಅಂದಿನಿಂದ ಅವನು ನಿಂತೇ ಕೆಲಸ, ನಿಂತೇ ಊಟ. ಕುರ್ಚಿ ತೋರಿಸಿದರೆ ನೆಲ ಎಳೆಯುತ್ತದೆ ಎನ್ನುತ್ತಿದ್ದ. ಉಳಿದ ಕೆಲಸದವರು ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ಒಮ್ಮೆಯೂ ನಕ್ಕಿರಲಿಲ್ಲ.

ಮಗಳು ಕುರ್ಚಿಯನ್ನು ಇಳಿಸಿ, ಗೋಣಿ ಬಿಚ್ಚಿ ಅವನ ಬಳಿ ಇಟ್ಟಳು.

"ಇವತ್ತೊಂದಿನ ಕೂತ್ಕೋ ಪಾಲಿಶಣ್ಣ. ಅಪ್ಪನ್ನ ಒಯ್ಯೋ ವ್ಯಾನ್ ಬರೋದು ತಡ."

ಕಾಲು ಸೋತಿತ್ತು, ಕೂತ. ಕೂತ ತಕ್ಷಣ ಅವನ ಪಾದಗಳು ತಾವಾಗಿಯೇ ಮುಂದೆ ಸರಿದು, ಹಿಮ್ಮಡಿ ನೆಲಕ್ಕೆ ಊರಿ, ಮೈಯನ್ನು ತಡೆದುಕೊಂಡವು. ಕೈಗಳು ಸೀಟಿನ ಅಂಚು ಹಿಡಿದವು. ಆ ಭಂಗಿಯನ್ನು ಮಗಳು ಮೊದಲೇ ಕಂಡಿದ್ದಳು.

*

ಅಪ್ಪ ಹಾಸಿಗೆ ಹಿಡಿಯುವ ಮುಂಚಿನ ಒಂದು ಮಧ್ಯಾಹ್ನ, ಕೆಲಸದ ಶೆಡ್ಡಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಬಾಗಿಲ ಸಂದಿಯಿಂದ ಇಣುಕಿದರೆ, ಅಪ್ಪ ಗೋಡೆಗೆ ಮುಖ ಮಾಡಿ ಇದೇ ಕುರ್ಚಿಯಲ್ಲಿ, ಹೀಗೆಯೇ ಹಿಮ್ಮಡಿ ಊರಿ ಕೂತಿದ್ದ. ತೊಡೆಗಳು ನಡುಗುತ್ತಿದ್ದವು. ಯಾರೋ ಏನೋ ಕೇಳುತ್ತಿರುವಂತೆ ಆಗಾಗ ತಲೆ ಅಲ್ಲಾಡಿಸುತ್ತಿದ್ದ. ಎದುರಿಗೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ವಯಸ್ಸಾಯಿತು ಎಂದುಕೊಂಡು ಅವಳು ಸದ್ದಿಲ್ಲದೆ ಹಿಂದೆ ಸರಿದಿದ್ದಳು.

*

ಪಾಲಿಶಣ್ಣ ಎದ್ದ. ಬಗ್ಗಿ ಸೀಟಿನ ಮುಂದಿನ ಅಂಚನ್ನು ಅಂಗೈಯಿಂದ ಸವರಿದ. ಅಷ್ಟು ಜಾಗ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು.

"ಇದು ಪಾಲಿಶ್ ಅಲ್ಲ ತಂಗಿ. ಜನ ಜಾರಿ ಜಾರಿ ಬಂದಿರೋ ಹೊಳಪು. ಠಾಣೆ ಕುರ್ಚಿ ಇದು."

ಪಕ್ಕದಲ್ಲಿದ್ದ ಕೋರ್ಟಿನ ಹಳೆಯ ಗುಮಾಸ್ತರು, ಅಪ್ಪನ ಗೆಳೆಯರು, ಮೆಲ್ಲಗೆ ನಕ್ಕರು. "ಶುರುವಾಯ್ತು ನೋಡಮ್ಮ ಇವನ ನೆಲದ ಪುರಾಣ."

ಏನದು ಎಂದು ಅವಳು ಕೇಳಿದಾಗ ಅವರು ಉತ್ಸಾಹದಿಂದಲೇ ಹೇಳಿದರು. ಠಾಣೆಯಲ್ಲಿ ತಪ್ಪೊಪ್ಪಿ, ಮ್ಯಾಜಿಸ್ಟ್ರೇಟರ ಮುಂದೂ ಅದನ್ನೇ ಹೇಳಿದ ಪಾಲಿಶಣ್ಣ, ವಿಚಾರಣೆಗೆ ಕೋರ್ಟಿಗೆ ಬಂದು, ಅದು ಬಲವಂತದ ಹೇಳಿಕೆ ಎಂದನಂತೆ. ಹೊಡೆದರೇ ಎಂದರೆ ಇಲ್ಲ, ಹೆದರಿಸಿದರೇ ಎಂದರೆ ಅದೂ ಇಲ್ಲ.

"'ಬಾಯಿ ಬಿಡದೆ ಸುಮ್ಮನೆ ಕೂತಿರೋ ಹಕ್ಕು ನಿಂಗಿದೆ ಅಂದ್ರು ಸ್ವಾಮಿ, ಆದ್ರೆ ಕೂರೋಕೇ ಆಗ್ಲಿಲ್ಲ, ನೆಲ ಎಳೀತಿತ್ತು' ಅಂದ. ಇಡೀ ಕೋರ್ಟು ನಕ್ಕುಬಿಡ್ತು."

ಹಾಗಾದರೆ ನೆಲ ನೋಡಿಬಾ ಎಂದು ನ್ಯಾಯಾಧೀಶರು ಗುಮಾಸ್ತರನ್ನೇ ಠಾಣೆಗೆ ಕಳಿಸಿದರು.

"ನಿಮ್ಮಪ್ಪ ಅಲ್ಲೇ ಕೋರ್ಟಿನ ವರಾಂಡದಲ್ಲಿ ಬೆಂಚು ರಿಪೇರಿ ಮಾಡ್ತಾ ಎಲ್ಲಾ ಕೇಳಿಸ್ಕೊಳ್ತಿದ್ದ. ವಾಟ ನೋಡೋ ಅವನ ರಸಮಟ್ಟಾನೇ ಇಸ್ಕೊಂಡು ಠಾಣೆಗೆ ಹೋಗಿ ನೆಲದ ಮೇಲಿಟ್ಟೆ. ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಲ್ತು. ನೆಲ ಒಂದು ಕೂದಲೆಳೆಯಷ್ಟೂ ವಾಲಿರಲಿಲ್ಲ."

ಹೇಳಿಕೆಯನ್ನು ಸಾಕ್ಷ್ಯವೆಂದು ಒಪ್ಪಿಕೊಂಡರು. ಶಿಕ್ಷೆಯಾಯಿತು.

ಮಗಳು ಕುರ್ಚಿಯನ್ನು ಮಗುಚಿದಳು. ಮುಂಗಾಲುಗಳು ಹಿಂಗಾಲಿಗಿಂತ ಒಂದಿಷ್ಟು ಗಿಡ್ಡ. ಸಿಬಿರೇಳದಂತೆ ಕಾಲಿನ ತುದಿಯ ಅಂಚು ಕೆತ್ತುವುದು ಅಪ್ಪನ ಅಭ್ಯಾಸ. ಮುಂಗಾಲುಗಳನ್ನು ಗರಗಸದಿಂದ ಕುಯ್ದ ಜಾಗದಲ್ಲೂ ಅದೇ ನಾಜೂಕಿನ ಕೆತ್ತನೆ.

ಹಳೆಯದು, ಸವೆದಿದೆ ಎಂದು ಅವಳು ಹೇಳಿಬಿಟ್ಟರೆ ಮುಗಿಯುತ್ತಿತ್ತು. ಅಪ್ಪ ಮನೆಯಿಂದ ಹೊರಡುವ ದಿನ. ಪಾಲಿಶಣ್ಣ ಕುರ್ಚಿಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ನಂಗೆ ತಲೆ ಕೆಟ್ಟಿದೆಯೇನೋ ಅಂತ ಬರ್ತಾ ಬರ್ತಾ ನಾನೂ ಅಂದ್ಕೊಂಡಿದ್ದೆ, ತಂಗಿ."

ಹೊರಗೆ ವ್ಯಾನ್ ಬಂದು ನಿಂತ ಸದ್ದಾಯಿತು. ಅವಳು ಒಳಗೆ ಹೋಗಿ ಅಪ್ಪನ ಹತ್ಯಾರಿನ ಪೆಟ್ಟಿಗೆಯಿಂದ ರಸಮಟ್ಟ ತಂದಳು. ಕುರ್ಚಿಯನ್ನು ಗುಮಾಸ್ತರ ಮುಂದೆ ನೆಟ್ಟಗೆ ನಿಲ್ಲಿಸಿ, ಸೀಟಿನ ಮೇಲೆ ರಸಮಟ್ಟವನ್ನು ಮುಂದಿನಿಂದ ಹಿಂದಕ್ಕೆ ಉದ್ದಕ್ಕೆ ಇಟ್ಟಳು. ಗಾಜಿನೊಳಗಿನ ಗುಳ್ಳೆ ನಡುವಿನ ಗೆರೆಗಳನ್ನು ದಾಟಿ, ನಿಧಾನಕ್ಕೆ ಹಿಂದೆ ಹಿಂದೆ ಸರಿದು, ತುದಿಗೆ ಹೋಗಿ ಅಂಟಿಕೊಂಡಿತು.

ನೆಲವನ್ನಲ್ಲ, ಕುರ್ಚಿಯನ್ನು ನೋಡಿ ಎಂದು ಅಪ್ಪ ಅವತ್ತು ರಸಮಟ್ಟ ಕೊಡುವಾಗ ಹೇಳಲಿಲ್ಲ. ಆಮೇಲೂ ಹೇಳಲಿಲ್ಲ.