ಬೂದೆಮ್ಮ ರಗತ ಕುಡೀತಾಳಂತ

ನನ್ನ ಬಾಯಾಗ ಉಳದಿರೋವು ಐದ ಹಲ್ಲು, ಅವೂ ದವಡಿಯೊಳಗ. ಮುಂದಿನವು ನನ್ನ ಗಂಡ ಸತ್ತ ವರ್ಷದಾಗನ ಹ್ವಾದ್ವು. ಇಂಥಾ ಬಾಯಿಲೆ ಈ ಬೂದೆಮ್ಮ ಕುರಿ ಕುತ್ತಿಗಿ ಕಚ್ಚಿ ರಗತ ಹೀರತಾಳಂತ! ಅಂದಾಂವ ಯಾರು ಅಂದೀರಿ? ರೇವಣಸಿದ್ದ. ಕೂಸಿದ್ದಾಗ ಅವನ್ನ ನನ್ನ ಕಾಲಮ್ಯಾಲ ಹಾಕ್ಕೊಂಡು ನಾನಾ ನೀರು ಎರದೀನಿ. "ಹಲ್ಲಿಲ್ಲದಾಕಿ ಹ್ಯಾಂಗ ಕಚ್ಚತಾಳಲೇ?" ಅಂತ ಯಾರೋ ಕೇಳಿದ್ರ, "ರಾತ್ರಿ ಬೆಳೀತಾವ" ಅಂದ ಹಾಟ್ಯಾ.

ನಮ್ಮೂರು ದೇವದುರ್ಗದಿಂದ ಬಸ್ಸಿನ್ಯಾಗ ಅರ್ಧ ತಾಸು. ರಂಡಮುಂಡಿಯಾಗಿ ತವರಿಗೆ ಬಂದು ತಮ್ಮ ಪರಮಣ್ಣನ ಮನ್ಯಾಗ ಇದೀನಿ. ಕೂಸುಗಳಿಗೆ ಎಣ್ಣಿ ಹಚ್ಚಿ, ತಿಕ್ಕಿ, ಬಿಸಿನೀರು ಎರಿಯೋದು ನನ್ನ ಕೆಲಸ. ನಲವತ್ತು ವರ್ಷಾತು. ಈ ಊರಾಗ ಮೀಸಿ ಬಂದ ಎಷ್ಟೋ ಗಂಡಸರು ನನ್ನ ಕಾಲಮ್ಯಾಲ ಉಚ್ಚಿ ಹೊಯ್ದು ದೊಡ್ಡವರಾದವರು.

ಪರಮಣ್ಣನ ಮಗಳು ಉಮಾದೇವಿಗೆ ಲಗ್ನಾಗಿ ಒಂಬತ್ತು ವರ್ಷಕ್ಕ ಮೊನ್ನೆ ರಾಯಚೂರು ದವಾಖಾನ್ಯಾಗ ಹೆಣ್ಣುಕೂಸು ಹುಟ್ಟಿತು. ಆಕಿ ಬಾಣಂತನಕ್ಕ ತವರಿಗೆ ಬಂದ್ಲು. ಮೂರು ದಿನ ಕೂಸಿಗೆ ಎರದೆ. ಏನ್ ಚಂದ ಇತ್ತಂತೀರಿ, ನೀರು ಬಿದ್ದ ಕೂಡಲೇ ತುಟಿ ಮುಂದ ಮಾಡೋದು! ನಾಕನೇ ದಿನದಿಂದ ನನ್ನ ಕೈಗೆ ಕೊಡಲಿಲ್ಲ.

ಆಗಿದ್ದು ಇಷ್ಟ. ಪರಮಣ್ಣಂದೂ ರೇವಣಸಿದ್ದಂದೂ ಕುರಿ ಒಂದಾ ದೊಡ್ಡ್ಯಾಗ ಇರ್ತಾವ. ಒಂದಿನ ಮುಂಜಾನಿ ಒಂದು ಕುರಿ ಸತ್ತು ಬಿದ್ದಿತ್ತು. ಎಂಟು ದಿನಕ್ಕ ಇನ್ನೊಂದು. ಎರಡಕ್ಕೂ ಕುತ್ತಿಗಿ ಮ್ಯಾಲ ಎರಡು ತೂತು, ನೆಲದಮ್ಯಾಲ ರಗತ ಇಲ್ಲ. ಮೊಬೈಲಿನ್ಯಾಗ ಪರದೇಶದ ದೆವ್ವದ ವಿಡಿಯೋ ನೋಡಿದ್ದ ರೇವಣಸಿದ್ದ, "ನೋಡ್ರಿ, ಎರಡು ತೂತು! ಇದು ರಗತ ಹೀರೋ ದೆವ್ವಾನ" ಅಂದ. ಹೆಣಾನ ಯಾರೂ ಮುಟ್ಟಲಿಲ್ಲ, ಹಗ್ಗ ಕಟ್ಟಿ ಎಳಕೊಂಡು ಹೋಗಿ ಹುಗದ್ರು. ಅದೇ ದಿನ ನಾನು ವಸಡಿಗೆ ತಂಬಾಕಿನ ಮಿಶ್ರಿ ತಿಕ್ಕೊಂಡು ಹಿತ್ತಲದಾಗ ಉಗುಳಿದ್ದು ಅವನ ಕಣ್ಣಿಗೆ ಬಿತ್ತು. ನನ್ನ ವಸಡಿನ್ಯಾಗ ರಗತ ಬರೋದು ಇವತ್ತಿಂದಲ್ಲ. ಆದ್ರ ಕೆಂಪಗ ಕಂಡಿತಲ್ಲ, ಮುಗೀತು. ಗಡಿಗಿ ಬಾಯಿ ಮುಚ್ಚಬಹುದು, ಮಂದಿ ಬಾಯಿ ಮುಚ್ಚಾಕಾಗ್ತದೇನು?

ಪರಮಣ್ಣ ಮಂದಿ ಮುಂದ ತಲಿ ಕೆಳಗ ಹಾಕ್ಕೊಂಡು ಕುಂತಿದ್ದ. ನನ್ನ ಸಲುವಾಗಿ ನಾಚಿಕೊಂಡಾನ ಪಾಪ ಅಂದ್ಕೊಂಡೆ.

ಹತ್ತು ದಿನ ಆದಮ್ಯಾಲ ಮುಂಜಾನಿ ಮೂರನೇದು ಸತ್ತು ಬಿದ್ದಿತ್ತು. ಅವತ್ತ ಸಂಜೀಕ ಮಂದಿ ಕೂಡಸಿ ನನ್ನ ಊರು ಬಿಡಸೋದಂತ ರೇವಣಸಿದ್ದ ಹೇಳಿಕೋತ ಅಡ್ಡಾಡಾಕತ್ತ. ಊರು ಬಿಡಸಲಿ, ಅಷ್ಟಕ್ಕ ನಾನು ಅಂಜಲಿಲ್ಲ. ಒಳಗ ಕೂಸು ಅಳಾಕತ್ತಿತ್ತು, ಅದು ಹೊಟ್ಟಿ ಹಿಡದು ಅಳೋದು ಅಂತ ಹೊರಗ ಕುಂತ ನನಗ ತಿಳೀತಿತ್ತು. ಎದ್ದು ಹೋದೆ. ಉಮಾದೇವಿ ನನ್ನ ಕಂಡು ಬಾಗಲಾ ಮುಚ್ಚಿದ್ಲು. ಅವತ್ತು ನನಗ ಅಳು ಬಂತು ನೋಡ್ರಿ, ಗಂಡ ಸತ್ತಾಗ ಅತ್ತಂಗ ಅತ್ತೆ.

ಅತ್ತು ಮುಗದಮ್ಯಾಲ ಸಿಟ್ಟು ಬಂತು. ಬಸ್ಸು ಹತ್ತಿ ದೇವದುರ್ಗದ ದನದ ದವಾಖಾನಿಗೆ ಹೋದೆ. ಅಲ್ಲಿ ವಿಶಾಖಾ ಅಂತ ಡಾಕ್ಟರ್‌ಬಾಯಿ ಅದಾಳ, ಮಾನ್ವಿಯಾಕಿ. ಅವರಪ್ಪ ಕೂಲಿ ಮಾಡಿ ಓದಿಸ್ಯಾನಂತ. ನಮ್ಮ ಕುರಿಗೆ ಸೂಜಿ ಹಾಕಾಕ ಬರ್ತಿದ್ಲು. ಆಗಿದ್ದೆಲ್ಲಾ ಹೇಳಿದೆ. "ಯವ್ವಾ, ನಿನ್ನಂಥಾಕಿಗೆ ದೆವ್ವಾನೂ ಅಂಜತಾವ, ನೀ ಯಾಕ ಅಳ್ತಿ?" ಅಂದು, ನನ್ನನ್ನ ತನ್ನ ಗಾಡಿ ಮ್ಯಾಲ ಹಿಂದ ಕುಂದ್ರಿಸಿಕೊಂಡು ಬಂದ್ಲು.

ಮಧ್ಯಾಹ್ನದ ಬಿಸಲಾಗ ಊರಾಗಿನ ಮಂದಿಯೆಲ್ಲಾ ದೊಡ್ಡಿ ಮುಂದ ಕೂಡಿದ್ರು. ಡಾಕ್ಟರ್‌ಬಾಯಿ ಸತ್ತ ಕುರಿ ಬಾಜೂಕ ಕುಂತು, "ಕತ್ತರಿ ಕೊಡ್ರಿ" ಅಂದ್ಲು.

"ಎದಕ್ರೀ?"

"ಕೂದಲ ಕತ್ತರಿಸಾಕ."

ಕುತ್ತಿಗಿ ಸುತ್ತ ಕೂದಲ ಕತ್ತರಿಸಿದ್ಲು. ಈ ಕಡೆ ಎರಡು ತೂತು. ಹೊರಳಿಸಿ ಆ ಕಡೆ ಕತ್ತರಿಸಿದ್ಲು, ಅಲ್ಲೂ ಎರಡು. ಒಟ್ಟ ನಾಕು. "ಮ್ಯಾಲಿನ ಕೋರಿಹಲ್ಲು ಎರಡು, ಕೆಳಗಿನವು ಎರಡು. ಇದು ನಾಯಿ. ಕುತ್ತಿಗಿ ಗಟ್ಟಿ ಹಿಡದು ಉಸರು ಕಟ್ಟಿಸ್ಯದ" ಅಂದ್ಲು. ಹುಟ್ಟಿದಾಗಿಂದ ಕುರಿ ಕೂದಲ ಕತ್ತರಿಸೋ ಜಾತಿ ನಮ್ಮದು. ನಮ್ಮ ಮಂದಿ ಕೈಗೆ ಈ ಒಂದು ಕುತ್ತಿಗಿಗೆ ಕತ್ತರಿ ಹಚ್ಚಬೇಕಂತ ಹೊಳೀಲಿಲ್ಲ! ಕಣ್ಣಾರೆ ಕಂಡ್ರೂ ಪರಾಂಬರಿಸಿ ನೋಡಂತ ಹಿರಿಯರು ಸುಮ್ಮನ ಅಂದಾರೇನು?

ರೇವಣಸಿದ್ದ ಸೋಲಲಿಲ್ಲ. "ರಗತ ಎಲ್ಲಿ ಹೋತ್ರೀ ಮತ್ತ?"

ಆಕಿ ಕುರಿ ಎದಿ ಕೊಯ್ದು ತೋರಿಸಿದ್ಲು. ಕೆಳಗಿನ ಮಗ್ಗಲದಾಗ ರಗತ ಕರ್ರಗ ಹೆಪ್ಪುಗಟ್ಟಿ ನಿಂತಿತ್ತು. "ಎಲ್ಲೂ ಹೋಗಿಲ್ಲ. ಜೀವ ಹೋಗೋತನಕ ನಾಯಿ ಹಲ್ಲು ತೂತಿನ್ಯಾಗ ನಟ್ಟಿದ್ವು. ಜೀವ ಹ್ವಾದಮ್ಯಾಲ ಎದಿ ಬಡಕೊಳ್ಳೋದು ನಿಲ್ತದ. ನಿಂತಮ್ಯಾಲ ರಗತ ಹೊರಗ ಚಿಮ್ಮೋದಿಲ್ಲ, ಕೆಳಗ ಇಳೀತದ. ಯಾರೂ ಕುಡದಿಲ್ಲ. ರಗತ ಕುಡಿಯೋ ದೆವ್ವ ಕಥಿಯೊಳಗ ಅಷ್ಟ ಇರ್ತಾವ ತಮ್ಮಾ." ಉಮಾದೇವಿ ಕೂಸು ಎತ್ಕೊಂಡು ಬಾಗಲದಾಗ ನಿಂತು ಎಲ್ಲಾ ನೋಡಾಕತ್ತಿದ್ಲು.

"ದೊಡ್ಡಿ ಕಾಯೋ ನಾಯಿ ಯಾರದು?" ಅಂತ ಡಾಕ್ಟರ್‌ಬಾಯಿ ಕೇಳಿದ್ಲು.

ಎಲ್ಲಾರೂ ಪರಮಣ್ಣನ ಕಡೆ ನೋಡಿದ್ರು. ಅವನ ನಾಯಿ ಕಾಳ್ಯಾ ಎಲ್ಲೂ ಕಾಣಲಿಲ್ಲ. ಪರಮಣ್ಣ ತಡವರಿಸಿಕೋತ ಅಂದ, "ನಸಕಿನ್ಯಾಗ ಚೀಕಲಪರ್ವಿಗೆ ಹೊಂಟಿದ್ದ ಟಂಟಂ ಗಾಡ್ಯಾಗ ಹಾಕಿ ಕಳಿಸಿದೆ... ನಮ್ಮ ಹೆಂಡ್ತಿ ತಮ್ಮನ ಮನಿಗೆ."

ನಮ್ಮಲ್ಲಿ ಕುರಿಗೆ ಬಾಯಿ ಹಾಕಿದ ನಾಯಿನ ಉಳಿಸೋದಿಲ್ಲ, ಅವತ್ತ ಬಡದು ಹಾಕತಾರ. ಮಂದಿ ಚದುರಿದಮ್ಯಾಲ ಪರಮಣ್ಣನ್ನ ಹಿಡದು ಕೇಳಿದೆ.

"ಯಾವಾಗ ಗೊತ್ತಾತು ನಿನಗ?"

"ಎರಡನೇ ಕುರಿ ಸತ್ತಾಗ. ಹಲ್ಲಾಗ ಕೂದಲ ಸಿಕ್ಕಿದ್ದು ನೋಡಿದ್ದೆ."

"ಮತ್ತ, ಅವತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ಅದರ ಜೀವ ತಗೀತಿದ್ರು ಯಕ್ಕಾ. ನಿನ್ನ ಯಾರು ಬಡೀತಾರ? ನಾಕು ದಿನ ಅಂತಾರ, ಆಮ್ಯಾಲ ಬಿಡ್ತಾರ, ನೀ ತಡಕೋತಿ ಅಂದ್ಕೊಂಡೆ."

ನಾಯಿಗಿಂತ ಕಡೆ ಮಾಡಿದೆಲ್ಲೋ ನನ್ನ ಅಂತ ಬೈಯಾಕ ಬಾಯಿ ತಗದೆ. ಅವನು ಕಣ್ಣಾಗ ನೀರು ತಂದ. ನಾಯಿ ಸಲುವಾಗಿ ತಂದನೋ, ನನ್ನ ಸಲುವಾಗಿ ತಂದನೋ, ನಾನು ಕೇಳಲಿಲ್ಲ.

ಮರುದಿನ ಮುಂಜಾನಿ ರೇವಣಸಿದ್ದ ಬಂದು ಕಾಲಿಗೆ ಬಿದ್ದ. ಅವನ ತಲಿಗೆ ಒಂದು ಮೊಟಕಿ ಕಳಿಸಿದೆ. ಅವನಮ್ಯಾಲ ನನಗ ಅಷ್ಟು ಸಿಟ್ಟಿರಲಿಲ್ಲ, ಅವನು ನಂಬಿ ಅಂದಿದ್ದ.

ಆಮ್ಯಾಲ ಉಮಾದೇವಿ ಕೂಸಿನ್ನ ತಂದು ನನ್ನ ಕೈಗೆ ಕೊಟ್ಲು. ಬಚ್ಚಲದಾಗ ಕಾಲು ಚಾಚಿ ಕುಂತು, ಕೂಸಿನ್ನ ಬೋರಲ ಹಾಕ್ಕೊಂಡು ಬೆನ್ನಿಗೆ ಎಣ್ಣಿ ತಿಕ್ಕಿದೆ. ನೀರು ಎರದು, ಕಿವಿಯಾಗ ನೀರು ಹೋಗ್ಯದೇನಂತ ನೋಡಾಕ ಕೂಸಿನ ಕುತ್ತಿಗಿ ಕಡೆ ಬಗ್ಗಿದೆ.

ಉಮಾದೇವಿ ಒಂದಾ ಜಿಗಿತಕ್ಕ ಬಂದು ನನ್ನ ಭುಜ ಹಿಡದು ಹಿಂದಕ್ಕ ಜಗ್ಗಿದ್ಲು.

ಆಕಿ ಅಳಾಕತ್ತಿದ್ಲು. "ಅತ್ತಿ, ಸುಳ್ಳಂತ ನನಗ ಗೊತ್ತದ. ನಾನಾ ಕಣ್ಣಿಲೆ ನೋಡೀನಿ. ಕೈ ತಾವಾ ಬಂದ್ವು ಅತ್ತಿ, ನಾ ಬೇಕಂತ ಮಾಡಲಿಲ್ಲ."

ಆಕಿ ಸುಳ್ಳು ಹೇಳಾಕತ್ತಿರಲಿಲ್ಲ. ಡಾಕ್ಟರ್‌ಬಾಯಿ ಕುರಿ ಎದಿ ಕೊಯ್ದು ತೋರಿಸಿದ್ಲು, ತಾಯಿ ಎದಿಯಾಗ ಕುಂತದ್ದನ್ನ ಯಾರು ಕೊಯ್ದು ತಗೀತಾರ? ಕೂಸಿನ್ನ ಒರಸಿ, ಬಟ್ಟಿ ಸುತ್ತಿ ಆಕಿ ಉಡ್ಯಾಗ ಹಾಕಿದೆ.

"ನಾಳಿಂದ ನೀನಾ ಎರಿ. ನಾ ಇಲ್ಲಿ ಹೊಸ್ತಲಾ ಹೊರಗ ಕುಂತು ಹೇಳಿಕೊಡ್ತೀನಿ" ಅಂದೆ.

ಬ್ಯಾಡತ್ತಿ, ನೀನಾ ಎರಿ ಅಂತಾಳಂತ ಒಂದು ಗಳಿಗಿ ಕಾದೆ.

"ಆತು" ಅಂದ್ಲು.