ದೇವಿ ಬಂದ ಮನೆ

ಹೊಂಗಡಹಳ್ಳದ ಆಚೆಗಿನ ನಮ್ಮೂರಿನಲ್ಲಿ ದೇವಿಯ ಸುಗ್ಗಿ ಹಬ್ಬ ಮುಗಿಯುವ ತನಕ ಯಾರೂ ಚಪ್ಪಲಿ ಮೆಟ್ಟುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಕುಡಿಯುವುದಿಲ್ಲ. ನನ್ನ ಗಂಡ ರಂಗಸ್ವಾಮಿ ವರ್ಷವಿಡೀ ಕುಡಿಯುತ್ತಿದ್ದರು. ಸುಗ್ಗಿಗೆ ಮಾತ್ರ ದೇವಿಗೆ ಹೆದರಿ ಬಿಡುತ್ತಿದ್ದರು.

ತೊಂಬತ್ತೆಂಟರ ಹೊತ್ತಿಗೆ ಕುಡಿತ ಹಿಂದೆಂದಿಗಿಂತ ಹೆಚ್ಚಾಗಿತ್ತು. ಆ ವರ್ಷ ಸುಗ್ಗಿಗೆಂದು ಬಿಟ್ಟ ಮೂರನೇ ದಿನ, ಗುಡಿಯ ಮುಂದೆ ನಿಂತಿದ್ದಾಗ ಇವರ ಕೈ ನಡುಗತೊಡಗಿತು. ಮೈಯೆಲ್ಲ ಬೆವರು. ಯಾರೂ ಇಲ್ಲದ ಕಡೆ ನೋಡಿ ಮಾತಾಡಿದರು.

"ರಂಗನ ಮೈಮೇಲೆ ಅಮ್ಮ ಬಂದವ್ಳೆ ಕಣ್ರೋ!" ಎಂದು ಊರಿನ ಹಿರಿಯ ಜವರಯ್ಯ ಕೈಮುಗಿದರು.

ಇವರನ್ನು ಮನೆಗೆ ಕರೆತಂದು ಜಗಲಿಯ ಮೇಲೆ ಕೂರಿಸಿ ಮಡಿಲಿಗೆ ತೆಂಗಿನಕಾಯಿ ಇಟ್ಟರು. ಹಿಂದೆಯೇ ಜನ ಬಂದರು. ಅತ್ತೆ ಗಂಗಾಮಣಿ ಒಳ್ಳೆಯ ಸೀರೆ ಉಟ್ಟು ಮಗನ ಪಕ್ಕ ನಿಂತರು. ಕುಡುಕನ ತಾಯಿ ಎನ್ನುತ್ತಿದ್ದವರೇ ಅವರ ಕಾಲು ಮುಟ್ಟುತ್ತಿದ್ದರು.

ನನಗೆ ಗೊತ್ತಿತ್ತು. ಹಿಂದೊಮ್ಮೆ ಹಾಸನದ ಆಸ್ಪತ್ರೆಯಲ್ಲಿ, ಕುಡಿತದವರಿಗೆ ಆಪ್ತಸಲಹೆ ಕೊಡುವ ಮೇಡಂ ಕೋಣೆಯ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದೆ. ಎಂ.ಎ. ಓದಿದವಳಿಗೆ ಆ ಬಾಗಿಲು ದಾಟಲು ನಾಚಿಕೆಯಾಗಿತ್ತು. ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ, ಜೀವಕ್ಕೂ ಅಪಾಯ ಎಂದು ಅಲ್ಲಿನ ಗೋಡೆಯ ಮೇಲೆ ಬರೆದಿತ್ತು.

ಸುಮ್ಮನಿದ್ದರೆ ನಮ್ಮದು ದೇವಿ ಬಂದ ಮನೆ. ಬಾಯಿಬಿಟ್ಟರೆ ಮತ್ತೆ ಕುಡುಕನ ಮನೆ. ಆದರೆ ಇವರು ಉಳಿಯಬೇಕಿತ್ತು.

"ಅತ್ತೆ, ಇದು ದೇವಿ ಅಲ್ಲ. ಕುಡಿತ ನಿಲ್ಸಿದ್ದಕ್ಕೆ ಹಿಂಗಾಗೈತೆ. ಈಗ್ಲೇ ಹಾಸನಕ್ಕೆ ಕರ್ಕೊಂಡ್ ಹೋಗ್ಬೇಕು," ಎಂದೆ. ಎಲ್ಲರಿಗೂ ಕೇಳಿಸಿತು.

"ಓದ್ದೋಳ ಬಾಯಿ ನೋಡ್ರವ್ವ! ಗಂಡನ್ ಮಾನ ತಾನೇ ಕಳೀತಾಳೆ," ಎಂದಳು ಪಕ್ಕದ ಮನೆಯ ಮಾರಮ್ಮ.

ಇವರು ಮಡಿಲಿನ ತೆಂಗಿನಕಾಯಿ ಎತ್ತಿ ಜವರಯ್ಯನವರ ಕಡೆ ಚಾಚಿದರು. ನಡುಕಕ್ಕೆ ಅದು ಜಾರಿ ಉರುಳಿತು.

"ದೊಡ್ಡಪ್ಪ, ಅಮ್ಮ ಬಂದಿಲ್ಲ. ಚೈತ್ರ ಹೇಳಿದ್ದೇ ನಿಜ. ಜೀಪ್ ತರ್ಸು."

ಅಷ್ಟು ಜನರ ಮುಂದೆ ಅಷ್ಟು ಹೇಳಿದ ಇನ್ನೊಬ್ಬ ಗಂಡಸನ್ನು ನಾನು ಇವತ್ತಿಗೂ ನೋಡಿಲ್ಲ.

ಆಸ್ಪತ್ರೆಯಲ್ಲಿ ನಡುಕ ಇಳಿಯಿತು. ಆಮೇಲೆ ಇಬ್ಬರೂ ಬಸ್ಸು ಹತ್ತಿ ಮೇಡಂ ಹತ್ತಿರ ಹೋಗಿ ಬರುತ್ತಿದ್ದೆವು. ಕುಡಿತ ನಿಂತಿತು. ಅತ್ತೆ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದರು. ಮುಂದಿನ ಸುಗ್ಗಿಯಲ್ಲಿ ಇವರ ಕೈ ನಡುಗಲಿಲ್ಲ. ಯಾರೂ ಇವರಿಗೆ ಕೈಮುಗಿಯಲೂ ಇಲ್ಲ. ಅಂದು ಅತ್ತೆ ಇವರ ಕೈಯನ್ನೇ ನೋಡುತ್ತಾ ಕೂತಿದ್ದು, ಎದ್ದು, "ಉಣ್ಣಾಕ್ ಬಾರವ್ವ," ಎಂದು ನನ್ನನ್ನು ಕರೆದರು.

ವರ್ಷಗಳು ಕಳೆದವು. ಈ ಸಲ ಮಳೆಗೆ ಮುಂಚೆ, ಇವರು ಕಾಫಿ ತೋಟದಲ್ಲಿ ನೆರಳಿನ ಮರದ ರೆಂಬೆ ಕಡಿಯಲು ಹತ್ತಿದಾಗ ಕಾಲಡಿಯ ಕೊಂಬೆ ಮುರಿಯಿತು. ಜೀವ ಅಲ್ಲೇ ಹೋಯಿತು.

ಇವರನ್ನು ತಂದು ಅಂಗಳದಲ್ಲಿ ಮಲಗಿಸಿದ್ದರು. ಜವರಯ್ಯ ಮೆಲ್ಲಗೆ ಕೇಳಿದರು:

"ಕುಡ್ದಿದ್ನಾ?"

ಅತ್ತೆ ಎದ್ದು ನಿಂತರು.

"ಇಲ್ಲ ಕಣಣ್ಣ. ನನ್ ಮಗ ಕುಡೀತಿರ್ಲಿಲ್ಲ. ಅನುಮಾನ ಇದ್ರೆ ಬಗ್ಗಿ ಮೂಸ್ ನೋಡ್ ಬಾ."

ಯಾರೂ ಬಗ್ಗಲಿಲ್ಲ. ಅತ್ತೆ ನನ್ನ ಕೈ ಹಿಡಿದೆಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ನಾನು ತಲೆ ತಗ್ಗಿಸಲಿಲ್ಲ.