ಒಂದು ಗುಟುಕು ನೀರು

"ಈ ಏಳ್ನೇ ಸಾಲು ನಿಮಗೆ ಯಾರು ಹೇಳಿದ್ದು ಸಾರ್?"

ಬೀರಕ್ಕ ಚೀಲದಿಂದ ತೆಗೆದ ಹಾಳೆಯನ್ನು ಮೇಜಿನ ಮೇಲೆ ಹರಡಿ ಬೆರಳಿಟ್ಟಳು. ಮಡಿಸಿ ಮಡಿಸಿ ಅದು ಗೆರೆಗಳಲ್ಲಿ ಹರಿಯತೊಡಗಿತ್ತು. ಸೆಟ್ಟೂರಿನ ಕಡೆಯಿಂದ ಮೂರು ಬಸ್ಸು ಬದಲಿಸಿ ಅವಳು ಹಿಂದೂಪುರಕ್ಕೆ ಬಂದದ್ದು ಈ ಒಂದು ಮಾತು ಕೇಳುವುದಕ್ಕೆ.

ಕಾಲೇಜಿನಲ್ಲಿ ಪಾಠ ಹೇಳಿಕೊಂಡು ಕವಿತೆ ಬರೆಯುವ ದಯಾನಂದರು ಕನ್ನಡಕ ಏರಿಸಿದರು. ತಮ್ಮದೇ ಕವಿತೆ. ಹೆಸರು 'ಮಲ್ಲೇಶ್ವರಿ'.

"ಮಲ್ಲೇಶ್ವರಿ ತಾಯೇನಮ್ಮಾ ನೀವು?"

"ಹೂಂ ಕಣಪ್ಪ."

ಅವರ ಹೆಂಡತಿ ಭ್ರಮರಾಂಬ ಕಾಫಿ ತಂದಿಟ್ಟು, "ಜೋರಾಗಿ ಕೇಳಮ್ಮಾ. ನಮ್ಮನೇವ್ರು ಬರೆಯೋದೇ ಜಾಸ್ತಿ, ಬಾಯಿ ಬಿಡೋದು ಕಮ್ಮಿ" ಎಂದು ನಕ್ಕಳು. ಯಾರೂ ನಗದಿದ್ದುದನ್ನು ಕಂಡು ಒಳಗೆ ಹೋದಳು.

ನಾಲ್ಕು ವರ್ಷದ ಹಿಂದೆ ಮೋಸಂಬಿ ತೋಟಕ್ಕೆ ಚೀನಿಕಾಯಿ ಕೀಳುವ ಕೂಲಿಗೆಂದು ಕತ್ತಲಲ್ಲೇ ಹೊರಟಿದ್ದ ಆಟೋ, ಬೆಳುಗುಪ್ಪದ ದಾರಿಯ ತಿರುವಿನಲ್ಲಿ ಹಳ್ಳಕ್ಕೆ ಉರುಳಿತ್ತು. ಹೊತ್ತು ಮೂಡಿದ ಮೇಲೆ ಕುರಿಯವರು ನೋಡಿದ್ದು. ಉಳಿದವರಿಗೆ ಪ್ರಜ್ಞೆಯಿರಲಿಲ್ಲ, ಮಲ್ಲೇಶ್ವರಿಗೆ ಉಸಿರಿರಲಿಲ್ಲ. "ಸಟ್ಟಂತ ಹೋಗಿದಾಳೆ ಕಣಮ್ಮ, ನೋವೂ ಗೊತ್ತಾಗಿರಲ್ಲ" ಎಂದಿದ್ದರು ಡಾಕ್ಟರು. ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಬೀರಕ್ಕ ಇಷ್ಟು ದಿನ ಬದುಕಿದ್ದಳು.

ಆಮೇಲೆ ರಾತ್ರಿ ಶಾಲೆಗೆ ಸೇರಿದಳು. ಕಾಗುಣಿತ ಮುಗಿಸಿ ಕೂಡಿಸಿ ಓದುವುದಕ್ಕೆ ಬರುತ್ತಲೇ ರಮಾದೇವಿ ಟೀಚರು, ಮಗಳ ಮೇಲಿನ ಕವಿತೆಯೆಂದು ಅಕ್ಕರೆಯಿಂದ ಈ ಹಾಳೆ ಕೊಟ್ಟಿದ್ದರು. ಒಂದೊಂದೇ ಅಕ್ಷರ ಹಿಡಿದು ಹೋಗಿ ಏಳನೆಯ ಸಾಲಿಗೆ ಬಂದಳು: 'ಬೆಳಕು ಹರಿಯುವ ತನಕ ಕರೆಯುತ್ತಲೇ ಇದ್ದಳು: ಅವ್ವಾ, ಒಂದು ಗುಟುಕು ನೀರು.'

ಅವತ್ತಿನಿಂದ ಬೆಳಗಿನ ಜಾವಕ್ಕೆ ಎಚ್ಚರ. ಎದ್ದು ಒಂದು ಚೊಂಬು ನೀರು ತುಂಬಿ ಹೊಸಿಲ ಮೇಲಿಡುವಳು. ಬಿಸಿಲೇರಿದ ಮೇಲೆ ಅದನ್ನು ಕರಿಬೇವಿನ ಬುಡಕ್ಕೆ ಸುರಿಯುವಳು.

"ಕೂಗಿದ್ದು ಯಾರು ಕೇಳಿಸ್ಕೊಂಡ್ರು? ಅವರು ಯಾಕೆ ನೀರು ಕೊಡ್ಲಿಲ್ಲ?"

ದಯಾನಂದರು ಕನ್ನಡಕ ತೆಗೆದು ಹಾಳೆಯ ಪಕ್ಕದಲ್ಲಿಟ್ಟರು. "ಯಾರೂ ಕೇಳ್ಲಿಲ್ಲಮ್ಮ. ನಾನೇ ಬರೆದೆ. ಕವಿತೆಗೆ ಬೇಕಾಗಿತ್ತು."

"ಕವಿತೆಗೆ ಬೇಕು ಅಂತ ನನ್ ಮಗಳಿಗೆ ಬಾಯಾರಿಕೆ ಹುಟ್ಟಿಸ್ಬುಟ್ರಾ?"

ಅವಳ ದನಿ ಏರಲಿಲ್ಲ. ಅವರೇ ತಡವರಿಸುತ್ತ ಹೇಳಿದರು. ಆ ಸಾಲು ಕೇಳಿದ ಮೇಲೇ ಅಧಿಕಾರಿಗಳು ತಿರುವಿಗೆ ಬಂದದ್ದು, ರಸ್ತೆಗೆ ಉಬ್ಬು ಹಾಕಿಸಿದ್ದು, ದೀಪ ನಿಲ್ಲಿಸಿದ್ದು. ಆಮೇಲೆ ಅಲ್ಲಿ ಒಂದು ಜೀವವೂ ಹೋಗಿಲ್ಲ.

"ಒಳ್ಳೇದಾಯ್ತು ಬಿಡಪ್ಪ. ಹಂಗೇ ಇರ್ಲಿ. ಆದ್ರೆ ದಿನಾ ಅವಳು ಕೇಳೋದು ಅಧಿಕಾರಿಗಳನ್ನಲ್ಲ, ನನ್ನನ್ನ."

ಕಾಫಿಯ ಮೇಲೆ ಕೆನೆ ಕಟ್ಟಿತ್ತು.

"ಭಾನುವಾರ ಕಲ್ಯಾಣದುರ್ಗದಲ್ಲಿ ಕೂಲಿ ಹೆಂಗಸರ ಸಭೆ ಇದೆ. ನಾನು ಓದ್ಬೇಕು" ಎಂದರು ದಯಾನಂದರು. "ಆ ಸಾಲು ಬಿಟ್ಟು ಓದ್ತೀನಿ. ಇನ್ಮೇಲೆ ಎಲ್ಲೂ ಓದಲ್ಲ. ನೀವೇ ಬಂದು ಕೇಳಿ."

"ಬತ್ತೀನಿ" ಎಂದು ಬೀರಕ್ಕ ಹಾಳೆ ಮಡಿಸಿಕೊಂಡಳು.

ಮಾರನೆಯ ಬೆಳಿಗ್ಗೆ ಅವಳು ಚೊಂಬು ತುಂಬಲಿಲ್ಲ. ಮೂರು ದಿನ ಬಿಸಿಲು ಬರುವ ತನಕ ನಿದ್ದೆ ಮಾಡಿದಳು.

ಭಾನುವಾರ ಸಭೆಯಲ್ಲಿ ನಾನೂರು ಹೆಂಗಸರಿದ್ದರು. ಕೂಲಿಗೆ ಹೋಗುವವರಿಗೆ ಬಸ್ಸು ಬೇಕು, ಆಟೋದಲ್ಲಿ ಕುರಿ ತುಂಬಿದ ಹಾಗೆ ತುಂಬಬಾರದು ಎಂದು ಬಂದವರು. ಬೀರಕ್ಕ ಮುಂದಿನ ಸಾಲಿನಲ್ಲಿ ಕೂತಿದ್ದಳು. ದಯಾನಂದರು ಮೈಕಿನ ಮುಂದೆ ನಿಂತು ಅವಳನ್ನು ಹುಡುಕಿ ನೋಡಿ, ತಲೆಯಾಡಿಸಿ, ಓದತೊಡಗಿದರು. ಐದನೆಯ ಸಾಲು. ಆರು. ಎಂಟನೆಯದಕ್ಕೆ ದಾಟಿದರು.

ಹಿಂದಿನಿಂದ ಯಾವಳೋ ಒಬ್ಬಳು, "ಒಂದು ಬಿಟ್ಬುಟ್ರಿ ಸಾರ್!" ಎಂದು ಕೂಗಿದಳು. ಕೂಲಿ ಹೆಂಗಸರ ಸಭೆಗಳೆಲ್ಲ ಈ ಕವಿತೆಯಿಂದಲೇ ಶುರುವಾಗುತ್ತಿದ್ದವು. ಓದಲು ಬಾರದವರಿಗೂ ಅದು ಬಾಯಿಗೆ ಬಂದಿತ್ತು. ದಯಾನಂದರು ಕೈಯೆತ್ತಿ ತಡೆಯುವಷ್ಟರಲ್ಲಿ ಆ ಹೆಂಗಸು ಎದ್ದು ನಿಂತು ಸಾಲನ್ನು ತಾನೇ ಹೇಳಿದಳು. ಅವಳ ಹಿಂದೆ ಹತ್ತು ಜನ ಎದ್ದರು. ಆಮೇಲೆ ಎಲ್ಲರೂ.

"ಅವ್ವಾ, ಒಂದು ಗುಟುಕು ನೀರು!"

ಹದಿನೆಂಟರ ದನಿ, ಅರವತ್ತರ ದನಿ, ತೆಲುಗಿನ ಎಳೆತ ಹತ್ತಿದ ದನಿ. ದಯಾನಂದರು ಮೈಕಿನಿಂದ ಹಿಂದೆ ಸರಿದರು. ಬೀರಕ್ಕ ಹಿಂದಕ್ಕೆ ತಿರುಗಿ ನೋಡಿದಳು. ನಾನೂರು ಬಾಯಿಗಳೂ ಅವಳ ಕಡೆಗೇ ತೆರೆದಿದ್ದವು.

"ಏಮಾಯಿಂದಮ್ಮಾ? ನೀಳ್ಳು ತಾಗು" ಎಂದು ಪಕ್ಕದವಳು ತೆಲುಗಿನಲ್ಲಿ ಏನಾಯಿತೆಂದು ಕೇಳಿ, ಕುಡಿಯಲು ನೀರಿನ ಬಾಟಲಿ ಚಾಚಿದಳು. ಬೀರಕ್ಕ ಅದನ್ನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಳು. ಮುಚ್ಚಳ ತೆಗೆಯಲಿಲ್ಲ.

ಸೋಮವಾರ ಬೆಳಗಿನ ಜಾವ ಅವಳಿಗೆ ಮತ್ತೆ ಎಚ್ಚರವಾಯಿತು. ಗೂಡಿನಲ್ಲಿದ್ದ ಚೊಂಬಿನ ಕಡೆಗೆ ಕೈ ಚಾಚಿದವಳು ಹಾಗೇ ನಿಂತಳು. ಮೂಲೆಯಲ್ಲಿದ್ದ ದೊಡ್ಡ ಬಿಂದಿಗೆಯನ್ನು ತೊಟ್ಟಿಯಲ್ಲಿ ಅದ್ದಿ ಕಂಠದ ತನಕ ತುಂಬಿದಳು. ಸೊಂಟಕ್ಕೆ ಎತ್ತಲಾಗಲಿಲ್ಲ. ಎರಡು ಕೈಯಲ್ಲೂ ಹಿಡಿದು, ನೀರು ತುಳುಕದ ಹಾಗೆ, ಗೇಣು ಗೇಣಾಗಿ ಹೊಸಿಲವರೆಗೆ ಎಳೆದು ತಂದಳು.